ಕೀಲಿನ ಲೂರ್‌ಗೆ ತೂಕವೊಂದೇ ಸಾಲದು

ಮಾನ್ಯರೇ,

ಕೀಲಿನಿಂದ ಜೋಡಿಸಿದ ಕೃತಕ ಮೀನು, ಅಂದರೆ ಜಾಯಿಂಟೆಡ್ ಲೂರ್, ದೂರ ಹೋಗಬೇಕಾದರೆ ತೂಕ ಹೆಚ್ಚಿಸಿದರೆ ಸಾಕೆಂದು ಗಾಳ ಹಾಕುವ ಹವ್ಯಾಸಿಗಳಲ್ಲಿ ಅನೇಕರು ನಂಬಿರುವುದು ಅರ್ಧಸತ್ಯ. ಇಂಥ ಲೂರ್ ಎಸೆದೊಡನೆ ಕೀಲಿನ ಬಳಿ ಮಡಚಿಕೊಂಡು ಪಲ್ಟಿ ಹೊಡೆಯುವುದರಿಂದ ಗಾಳಿಯ ತಡೆ ಹೆಚ್ಚಿ ವೇಗ ಕುಗ್ಗುತ್ತದೆ. ಕೆಲವೊಮ್ಮೆ ಹಿಂದಿನ ಕೊಕ್ಕೆ ದಾರಕ್ಕೇ ಸಿಕ್ಕಿಕೊಳ್ಳುತ್ತದೆ.

ಒಂದೇ ತುಂಡಿನ ಹಲವು ಲೂರ್‌ಗಳಲ್ಲಿ ಒಳಗಿನ ಲೋಹದ ಗುಂಡುಗಳು ಎಸೆಯುವಾಗ ಬಾಲದತ್ತ ಉರುಳಿ, ದಾರ ಸುತ್ತಿಕೊಳ್ಳುವಾಗ ಮುಂದಕ್ಕೆ ಬಂದು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ. ಕೀಲಿನ ಲೂರ್‌ನಲ್ಲಾದರೆ ಕೀಲು ಅಡ್ಡ ಬರುವುದರಿಂದ ಗುಂಡುಗಳು ಮುಂದಿನ ತುಂಡನ್ನು ದಾಟಲಾರವು. ಆದ್ದರಿಂದ ಆ ತುಂಡನ್ನೇ ಉದ್ದವಾಗಿಸಿ, ಬಾಲವನ್ನು ಹಗುರವಾಗಿಟ್ಟು, ಕೀಲು ಮಡಚುವ ಕೋನಕ್ಕೆ ಮಿತಿ ಹಾಕುವುದು ಮೇಲು.

ಆ ಮಿತಿಯಲ್ಲೇ ನಿಜವಾದ ಕಷ್ಟವಿದೆ. ಕೀಲಿನ ಬಳಿ ಎರಡು ತುಂಡುಗಳ ಎದುರುಬದುರು ಇರುವ ಓರೆ ಮುಖಗಳ ನಡುವಿನ ಸಂದು ತೀರ ಕಿರಿದಾದರೆ ಬಾಲ ಸೆಟೆದು ಈಜೇ ಸತ್ತುಹೋಗುತ್ತದೆ, ಅಗಲವಾದರೆ ಎಸೆತ ಕೆಡುತ್ತದೆ. ತುಂಡುಗಳನ್ನು ಜೋಡಿಸಲು ಕಣ್ಣುಮೊಳೆಗಳ (ತುದಿಯಲ್ಲಿ ಬಳೆಯಿರುವ ತಿರುಪುಮೊಳೆಗಳ) ಮೂಲಕ ನೆಟ್ಟಗೆ ಇಳಿಸಿದ ತಂತಿಯ ಮೇಲೆ ಒಂದು ಹನಿ ಬಣ್ಣ ಒಣಗಿದರೂ ಬಾಲದ ತೂಗಾಟ ನಿಲ್ಲುತ್ತದೆ. ಉಪ್ಪುನೀರಿಗಾದರೆ ಆ ತಂತಿ ಸ್ಟೇನ್‌ಲೆಸ್ ಉಕ್ಕಿನದೇ ಆಗಿರಬೇಕು.

ಸೀಸವನ್ನು ಹೊಟ್ಟೆಯ ತಳದಲ್ಲಿ ಕೂರಿಸಿದರೆ ಲೂರ್ ಮಗುಚದೆ ಈಜುತ್ತದೆ. ಬಣ್ಣ ಬಳಿಯುವ ಮುನ್ನವೇ ಕೊಕ್ಕೆ, ಉಂಗುರ ಸಹಿತ ನೀರಿನ ತೊಟ್ಟಿಯಲ್ಲಿ ತೇಲಿಸಿ ನೋಡುವುದು ಒಳ್ಳೆಯದು. ಫಿನ್ಲೆಂಡಿನ ಲೌರಿ ರಾಪಲಾ 1936ರಲ್ಲಿ ಕಾರ್ಕ್ ಕೆತ್ತಿ ಮಾಡಿದ ಲೂರ್ ಹೆಸರಾದದ್ದು ಗಾಯಗೊಂಡ ಮೀನಿನಂತೆ ಓಲಾಡಿದ್ದರಿಂದ. ಬರೀ ದೂರವೇ ಬೇಕೆನ್ನುವವರಿಗೆ, ನನ್ನನ್ನು ಕೇಳಿದರೆ, ಕೀಲಿಲ್ಲದ ಲೂರೇ ಸಾಕು.

– ಒಬ್ಬ ಹವ್ಯಾಸಿ, ಕಾರವಾರ