ಹಿನ್ನೀರಿನ ಹಕ್ಕಿಗೆ ಎಮ್ಮೆ ವೈರಿಯಲ್ಲ

ಮಾನ್ಯ ಸಂಪಾದಕರೇ,

ಆಲಮಟ್ಟಿ ಹಿನ್ನೀರಿನ ದಂಡೆಗೆ ದನ ಬಿಡುವುದನ್ನು ಪೂರ್ತಿ ನಿಷೇಧಿಸಬೇಕು, ಇಲ್ಲದಿದ್ದರೆ ವಲಸೆ ಹಕ್ಕಿಗಳು ಉಳಿಯುವುದಿಲ್ಲ ಎಂದು ಓದುಗರೊಬ್ಬರು ಬರೆದಿದ್ದರು. ಹಕ್ಕಿಗಳ ಬಗೆಗಿನ ಅವರ ಕಳಕಳಿ ನನ್ನದೂ ಹೌದು. ಆದರೆ ನಾನು ಬೀಳಗಿ ತಾಲ್ಲೂಕಿನ ಮುಳುಗಡೆ ಹಳ್ಳಿಯವನು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮೂರು ಎಮ್ಮೆ ಸಾಕಿಕೊಂಡು ದಿನವೂ ಅದೇ ದಂಡೆಯಲ್ಲಿ ಇರುತ್ತೇನೆ.

ಸಂಕ್ರಾಂತಿಯ ನಂತರ ನೀರು ಸರಿದಂತೆಲ್ಲ ಎರೆಮಣ್ಣಿನ ಮೇಲೆ ಹಸಿ ಹುಲ್ಲು ಏಳುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಇಳಿಯುವುದು ಎಮ್ಮೆ ಮೇಯ್ದು ಗಿಡ್ಡವಾದ ಹುಲ್ಲಿಗೇ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿಗೆ ಎಳೆ ಚಿಗುರು ಬೇಕು. ತಲೆ ಎತ್ತಿದರೆ ನಾಯಿ, ನರಿ ದೂರದಿಂದಲೇ ಕಾಣಬೇಕು. ಮೊಣಕಾಲೆತ್ತರದ ಜೊಂಡಿನಲ್ಲಿ ಅವು ಇಳಿದದ್ದನ್ನು ನಾನು ಕಂಡಿಲ್ಲ. ಗೋವಕ್ಕಿ, ಹಳದಿ ಸಿಪಿಲೆಗಳಂತೂ ಎಮ್ಮೆಯ ಕಾಲ ಬುಡದಲ್ಲೇ ಹುಳು ಹೆಕ್ಕುತ್ತವೆ.

ರಾಜಸ್ಥಾನದ ಭರತಪುರದಲ್ಲಿ ಏನಾಯಿತೆಂದು ನೆನೆಯಬೇಕು. ಅಲ್ಲಿನ ಕೇವಲಾದೇವ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಆಮೇಲೆ ಎಮ್ಮೆ ತಿನ್ನುತ್ತಿದ್ದ ಹುಲ್ಲೇ ನೀರನ್ನು ಮುಚ್ಚಿಕೊಂಡು ಬೆಳೆಯಿತು, ಬಾತುಗಳಿಗೆ ಈಜಲು ತೆರವು ಉಳಿಯಲಿಲ್ಲ. ಹತ್ತು ವರ್ಷ ಅಧ್ಯಯನ ನಡೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ನಿಷೇಧದಿಂದ ಹಕ್ಕಿಗಳಿಗೇ ಕೆಡುಕಾಯಿತೆಂದು ಕಂಡುಕೊಂಡರು. ಆ ನಿಷೇಧವನ್ನು ಬಯಸಿದ್ದವರಲ್ಲಿ ಅದೇ ಸಂಸ್ಥೆಯ ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ ಅವರೂ ಇದ್ದರು. ಅಷ್ಟು ದೊಡ್ಡವರ ಅಂದಾಜೂ ತಪ್ಪಿತು.

ಹಾಗೆಂದು ದನಗಳಿಂದ ಹಾನಿಯೇ ಇಲ್ಲ ಎನ್ನಲಾರೆ. ಮಾರ್ಚ್‌ನಿಂದ ಮೇ ತನಕ ನೀರಿನಿಂದ ಎದ್ದ ದಿಬ್ಬಗಳ ಬರಿನೆಲದಲ್ಲೇ ನದಿ ರೀವ, ಚಿಟವ, ಟಿಟ್ಟಿಭಗಳು ಮೊಟ್ಟೆ ಇಡುತ್ತವೆ. ಕಳೆದ ಏಪ್ರಿಲ್‌ನಲ್ಲಿ ನನ್ನ ಎಮ್ಮೆಯೇ ಟಿಟ್ಟಿಭದ ಗೂಡು ತುಳಿಯಿತು. ನಾಲ್ಕರಲ್ಲಿ ಎರಡು ಮೊಟ್ಟೆ ಒಡೆದವು. ಮಣ್ಣಿನ ಬಣ್ಣದ ಆ ಮೊಟ್ಟೆಗಳು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ದಿನ ಆ ಜೋಡಿ ಅಲ್ಲೇ ಕೂಗುತ್ತ ಸುತ್ತಿತು; ನನಗೆ ಊಟ ಸೇರಲಿಲ್ಲ. ತುಳಿತಕ್ಕಿಂತ ಕೆಟ್ಟದ್ದು ಹಿಂಡಿನ ಜೊತೆ ಬರುವ ನಾಯಿಗಳು. ಅವುಗಳಿಗೆ ಹೆದರಿ ತಾಯಿ ಎದ್ದು ಹೋದರೆ ನಮ್ಮ ಬಿಸಿಲಿಗೆ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೆಂದು ಹೋಗುತ್ತದೆ.

ಆದ್ದರಿಂದ ಇಡೀ ದಂಡೆಗೆ ಬೇಲಿ ಬೇಡ. ಗೂಡು ಕಟ್ಟುವ ದಿಬ್ಬಗಳನ್ನಷ್ಟೇ ಆ ಮೂರು ತಿಂಗಳು ಬಿಟ್ಟುಕೊಡೋಣ. ಯಾವ ದಿಬ್ಬ ಎಂಬುದು ದನ ಕಾಯುವವರಿಗೆ ಗೊತ್ತು; ಅರಣ್ಯ ಇಲಾಖೆ ಅವರನ್ನು ಕರೆದು ಕೇಳಲಿ, ಗುರುತಿಗೆ ಕೋಲು ನೆಡಲಿ. ಈ ವರ್ಷ ನಾನು ಎಮ್ಮೆಗಳನ್ನು ಅತ್ತ ಬಿಟ್ಟಿಲ್ಲ, ಪಕ್ಕದ ಇಬ್ಬರೂ ಒಪ್ಪಿದ್ದಾರೆ. ಕುರಿಗಾರರು ಮಾತ್ರ, ‘ಬೇಸಿಗೆಯಲ್ಲಿ ಬೇರೆ ಮೇವು ಎಲ್ಲಿದೆ, ತೋರಿಸಿರಿ ಮಾಸ್ತರರೇ’ ಎನ್ನುತ್ತಾರೆ. ಅವರ ಪ್ರಶ್ನೆಗೆ ಜಿಲ್ಲಾಡಳಿತ ಉತ್ತರಿಸಬೇಕು, ಅದೂ ಮುಂದಿನ ಮಾರ್ಚ್‌ಗೆ ಮೊದಲು.

ನಿವೃತ್ತ ಶಿಕ್ಷಕ,
ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ