ಜ್ಯೋತಿ ಸ್ಟಾಪಿನಲ್ಲಿ ಇಳಿಯುವವರು

ಆತ್ಮೀಯ ಸದಸ್ಯರೇ,

ಈ ಸಲ ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಜೊತೆಗೆ ತಮ್ಮನ ಮಗಳಿದ್ದಳು. ಪಿಯುಸಿ ಓದುವ ಹುಡುಗಿ. ಕೊಟ್ಟಾರ ಚೌಕಿ, ಲೇಡಿಹಿಲ್, ಲಾಲ್‌ಬಾಗ್, ಪಿವಿಎಸ್ ಎಲ್ಲ ದಾಟಿ ಬಂಟ್ಸ್ ಹಾಸ್ಟೆಲ್ ಹತ್ತಿರ ಬರುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು "ಜ್ಯೋತಿ, ಜ್ಯೋತಿ, ಜಪ್ಪುಲೆ" ಅಂತ ಕೂಗಿದ. ನಾಲ್ಕೈದು ಜನ ಎದ್ದು ಇಳಿದರು. "ರೈಟ್ ಪೋಯಿ" ಆಯಿತು, ಬಸ್ಸು ಹೊರಟಿತು. ಆಗ ಅವಳು ಕೇಳಿದಳು: "ಅತ್ತೆ, ಜ್ಯೋತಿ ಅಂದ್ರೆ ಏನು ಇಲ್ಲಿ?"

ನಾನು ಕಿಟಕಿಯಿಂದ ಕೈ ತೋರಿಸಲು ಹೋದೆ. ತೋರಿಸಲು ಅಲ್ಲಿ ಏನೂ ಇಲ್ಲ. ಜ್ಯೋತಿ ಟಾಕೀಸಿನ ಕಟ್ಟಡ ಈಗ ಇಲ್ಲ. ವೃತ್ತಕ್ಕೆ ಅಂಬೇಡ್ಕರ್ ವೃತ್ತ ಎಂಬ ಹೆಸರಿದೆ. ಆದರೂ ದಿನಕ್ಕೆ ನೂರಾರು ಸಲ ಕಂಡಕ್ಟರುಗಳು ಆ ಟಾಕೀಸಿನ ಹೆಸರನ್ನು ಕೂಗುತ್ತಾರೆ, ಅದರೊಳಗೆ ಒಮ್ಮೆಯೂ ಕಾಲಿಡದ ಮಕ್ಕಳು ಆ ಹೆಸರು ಹೇಳಿ ಟಿಕೆಟ್ ತೆಗೆದುಕೊಳ್ಳುತ್ತಾರೆ. ಮುಂದಿನ ಸ್ಟಾಪು ಹಂಪನಕಟ್ಟೆ. ಅಪ್ಪಣ್ಣ ಎಂಬವರು ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ ಅದು, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯಿತು ಅಂತ ಹಿರಿಯರು ಹೇಳುತ್ತಾರೆ. ಕಟ್ಟೆ ಹೋಯಿತು, ನೀರು ಕೊಟ್ಟವರು ಹೋದರು, ಹೆಸರು ಉಳಿಯಿತು. ಜ್ಯೋತಿಯೂ ಅದೇ ದಾರಿ ಹಿಡಿದಿದೆ. ಆದರೆ ಒಂದು ವ್ಯತ್ಯಾಸ ಇದೆ. ಅಪ್ಪಣ್ಣನ ಕೈಯಿಂದ ನೀರು ಕುಡಿದವರು ಯಾರೂ ಇಂದು ನಮ್ಮ ನಡುವೆ ಇಲ್ಲ. ಜ್ಯೋತಿಯಲ್ಲಿ ಕೂತು ಸಿನಿಮಾ ನೋಡಿದವರು ಇದ್ದಾರೆ. ನಮ್ಮ ಸಂಘದಲ್ಲೇ ಎಷ್ಟೋ ಜನ ಇದ್ದೀರಿ.

ಅದಕ್ಕೇ ಈ ತಿಂಗಳ ಸಂಪಾದಕೀಯ ಟಾಕೀಸುಗಳ ಬಗ್ಗೆ.

ಮಂಗಳೂರಿನ ಹೆಸರುಗಳನ್ನು ಸುಮ್ನೆ ಹೇಳುತ್ತಾ ಹೋಗಿ ನೋಡಿ. ಜ್ಯೋತಿ, ಸೆಂಟ್ರಲ್, ಪ್ಲಾಟಿನಂ, ಸುಚಿತ್ರಾ, ಪ್ರಭಾತ್, ರೂಪವಾಣಿ, ರಾಮಕಾಂತಿ, ಅಮೃತ್, ನ್ಯೂ ಚಿತ್ರಾ. ಸುರತ್ಕಲ್ಲಿಗೆ ಹೋದರೆ ನಟರಾಜ್. ಇದರಲ್ಲಿ ಸೆಂಟ್ರಲ್, ಸುಚಿತ್ರಾ, ಪ್ರಭಾತ್ ಮೂರೂ ಕೆ.ಎಸ್. ರಾವ್ ರಸ್ತೆಯವು. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾಯರ ಹೆಸರಿನ ಆ ಒಂದೇ ರಸ್ತೆಯಲ್ಲಿ ಮ್ಯಾಟಿನಿ ಬಿಟ್ಟ ಹೊತ್ತಿಗೆ ನಡೆಯಲು ಜಾಗ ಇರುತ್ತಿರಲಿಲ್ಲ. ಈಗ ಅದೇ ರಸ್ತೆಯ ಸಿಟಿ ಸೆಂಟರ್ ಮಾಲ್‌ನ ಮೇಲಂತಸ್ತಿನಲ್ಲಿ ಮಲ್ಟಿಪ್ಲೆಕ್ಸ್ ಇದೆ. ರಥಬೀದಿ ಕಡೆ ನ್ಯೂ ಚಿತ್ರಾ ಜಂಕ್ಷನ್ ಇದೆ. ಇದೂ ಜ್ಯೋತಿಯ ಹಾಗೆಯೇ, ಟಾಕೀಸಿನ ಹೆಸರು ಜಂಕ್ಷನ್ನಿಗೆ ಅಂಟಿಕೊಂಡಿದೆ.

ಉಡುಪಿಗೆ ಬಂದರೆ ಕಲ್ಪನಾ, ಅಲಂಕಾರ್, ಗೀತಾಂಜಲಿ, ಸ್ವಲ್ಪ ಆಚೆ ಆಶೀರ್ವಾದ್. ಗೀತಾಂಜಲಿ ಅಂದರೆ ಈಗಿನವರಿಗೆ ಸೀರೆ ಅಂಗಡಿ. ನನ್ನ ಅಮ್ಮನ ವಯಸ್ಸಿನವರಿಗೆ ಇಂದಿಗೂ ಟಾಕೀಸು.

ಅಮ್ಮನ ವಿಷಯ ಹೇಳಲೇಬೇಕು. ನಮ್ಮ ಮನೆ ಉಡುಪಿ ಪೇಟೆಯಿಂದ ಒಳಗೆ, ಬಸ್ಸು ಇಳಿದು ಮತ್ತೆ ಗದ್ದೆಯ ಬದುವಿನಲ್ಲಿ ನಡೆಯಬೇಕಾದ ಜಾಗ. ಅಮ್ಮ ಮತ್ತು ಆಚೀಚೆ ಮನೆಯ ಹೆಂಗಸರು ಸಿನಿಮಾಕ್ಕೆ ಹೋಗುವುದು ಅಂದರೆ ಮ್ಯಾಟಿನಿಗೆ ಮಾತ್ರ. ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಮಕ್ಕಳಿಗೆ ಊಟ ಹಾಕಿ, ಹನ್ನೆರಡೂವರೆಯ ಬಸ್ಸು ಹಿಡಿಯಬೇಕು. ಸಿನಿಮಾ ಬಿಟ್ಟ ಮೇಲೆ ಸಂಜೆಯ ಬಸ್ಸಿಗೆ ಓಡಬೇಕು, ಅದು ತಪ್ಪಿದರೆ ಮತ್ತೆ ಒಂದೂವರೆ ಗಂಟೆ ಕಾಯಬೇಕು, ಕತ್ತಲಾಗುತ್ತದೆ, ಮನೆಯಲ್ಲಿ ಹಟ್ಟಿಯ ದನಗಳು ಕೂಗುತ್ತವೆ. ಹಾಗಾಗಿ ಎಷ್ಟೋ ಸಿನಿಮಾಗಳ ಕೊನೆಯ ಹತ್ತು ನಿಮಿಷ ಅಮ್ಮ ನೋಡಿಯೇ ಇಲ್ಲ. ಗಂಡಸರಿಗೆ ಸೆಕೆಂಡ್ ಶೋ ಇತ್ತು. ಸೈಕಲ್ಲಿನಲ್ಲೋ ನಡೆದೋ ನಡುರಾತ್ರಿ ಮನೆಗೆ ಬರುತ್ತಿದ್ದರು. ಒಂದು ಟಾಕೀಸು ಎಲ್ಲಿತ್ತು ಅಂತ ಹುಡುಕುವಾಗ ನಾವು ಕಟ್ಟಡವನ್ನು ಮಾತ್ರ ಹುಡುಕುತ್ತೇವೆ. ಅಲ್ಲಿಗೆ ಯಾವ ಬಸ್ಸು ಬರುತ್ತಿತ್ತು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎನ್ನುವುದನ್ನೂ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ. ಒಳಗೆ ಯಾರು ಕೂತಿದ್ದರು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಇನ್ನು ಆಪರೇಟರುಗಳು. ನಮ್ಮ ನೆರೆಮನೆಯ ಅಜ್ಜ ಒಬ್ಬರು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಅವರ ಬಾಯಿಂದ ಕೇಳಿದ್ದು ಇದು. ಸಾವಿರ ಅಡಿಯ ಒಂದು ರೀಲು ಸುಮಾರು ಹನ್ನೊಂದು ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹದಿನಾಲ್ಕು ರೀಲು. ಸೆಕೆಂಡಿಗೆ 24 ಚಿತ್ರ. ಎರಡು ಮೆಷಿನ್ ಇರುತ್ತಿತ್ತು, ಒಂದರಲ್ಲಿ ರೀಲು ಮುಗಿಯುತ್ತಾ ಬಂದಾಗ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಅದನ್ನು ನೋಡಿ ಇನ್ನೊಂದು ಮೆಷಿನ್ ಶುರು ಮಾಡಬೇಕು. ಕಣ್ಣು ಸ್ವಲ್ಪ ಆಚೀಚೆ ಆದರೆ ಪರದೆ ಬೆಳ್ಳಗೆ, ಕೆಳಗಿನಿಂದ ಶಿಳ್ಳೆ. ಹಳೆಯ ಮೆಷಿನ್ನಿನಲ್ಲಿ ಬಲ್ಬು ಇರುತ್ತಿರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಇಟ್ಟು ಅವುಗಳ ನಡುವೆ ಕರೆಂಟಿನ ಬೆಂಕಿ ಹೊತ್ತಿಸಿ ಆ ಬೆಳಕಿನಲ್ಲೇ ಸಿನಿಮಾ ತೋರಿಸುತ್ತಿದ್ದರು. ಕಡ್ಡಿ ಉರಿದಷ್ಟೂ ಮುಂದೆ ತಳ್ಳುತ್ತಿರಬೇಕು. ಮೇ ತಿಂಗಳ ನಮ್ಮ ಕರಾವಳಿಯ ಸೆಖೆಯಲ್ಲಿ, ಆ ಸಣ್ಣ ಕೋಣೆಯಲ್ಲಿ, ಆ ಬೆಂಕಿಯ ಪಕ್ಕ ದಿನಕ್ಕೆ ನಾಲ್ಕು ಶೋ. ಕೆಳಗೆ ಕೂತ ನಮಗೆ ಅವರ ಮುಖ ಯಾವತ್ತೂ ಕಂಡಿಲ್ಲ.

ಹಳೆಯ ಟಾಕೀಸು ಇದ್ದ ಜಾಗ ಪತ್ತೆ ಮಾಡಲು ಒಂದಷ್ಟು ದಾರಿಗಳಿವೆ. ಕಟ್ಟಡ ಉಳಿದಿದ್ದರೆ ಅದೇ ಹೇಳುತ್ತದೆ. ಈಗ ಗೋಡೌನೋ ಮದುವೆ ಹಾಲೋ ಆಗಿದ್ದರೂ ಕಿಟಕಿ ಇಲ್ಲದ ಎತ್ತರದ ಗೋಡೆ, ಒಂದು ಕಡೆಗೆ ಇಳಿಯುವ ನೆಲ, ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಮುಚ್ಚಿದ ಸಣ್ಣ ಚೌಕ ಕಿಂಡಿಗಳು, ಕೈ ಮಾತ್ರ ತೂರುವ ಟಿಕೆಟ್ ಕೌಂಟರಿನ ತೂತು, ಇದೆಲ್ಲ ಬಚ್ಚಿಡಲು ಆಗುವುದಿಲ್ಲ. ಕಟ್ಟಡ ಇಲ್ಲದಿದ್ದರೆ ಹಳೆಯ ಪತ್ರಿಕೆಯ ಸಿನಿಮಾ ಜಾಹೀರಾತು. ಮಣಿಪಾಲದಿಂದ 1970ರಲ್ಲಿ ಶುರುವಾದ ಉದಯವಾಣಿಯ ಹಳೆಯ ಸಂಚಿಕೆ ಯಾರದಾದರೂ ಅಟ್ಟದಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೂರನೆಯದು ಲೈಸೆನ್ಸಿನ ಕಡತ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಟಾಕೀಸಿಗೆ ಲೈಸೆನ್ಸ್ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ಜಿಲ್ಲಾಧಿಕಾರಿ. ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕಿಂತ ಮೊದಲು ಅಲ್ಲಿಯ ಟಾಕೀಸಿಗೂ ಮಂಗಳೂರೇ ಕಚೇರಿ. 1956ಕ್ಕಿಂತ ಹಿಂದೆ ಹೋದರೆ ನಮ್ಮ ಜಿಲ್ಲೆ ಇದ್ದದ್ದೇ ಮದ್ರಾಸಿಗೆ ಸೇರಿ. ಹಾಗಾಗಿ ಉಡುಪಿಯ ಟಾಕೀಸನ್ನು ಹುಡುಕುವವರು ಉಡುಪಿಯಲ್ಲಿ ಮಾತ್ರ ಹುಡುಕಿದರೆ ಸಾಕಾಗುವುದಿಲ್ಲ.

ಇವು ಯಾಕೆ ಮುಚ್ಚಿದವು? ಎಲ್ಲರೂ ಮಲ್ಟಿಪ್ಲೆಕ್ಸಿನ ಹೆಸರು ಹೇಳುತ್ತಾರೆ. ಬಿಜೈಯ ಭಾರತ್ ಮಾಲ್, ಆಮೇಲೆ ಸಿಟಿ ಸೆಂಟರ್, ಆಮೇಲೆ ಪಾಂಡೇಶ್ವರದ ಮಾಲ್, ಜನ ಅತ್ತ ಹೋದದ್ದು ನಿಜ. ಆದರೆ ಮೊದಲ ಪೆಟ್ಟು ಅದಕ್ಕಿಂತ ತುಂಬಾ ಹಿಂದಿನದು, ಮತ್ತು ಅದು ಹೋದದ್ದು ನಾವಿರುವ ಈ ಗಲ್ಫ್‌ನಿಂದಲೇ. ಎಂಬತ್ತರ ದಶಕದಲ್ಲಿ ರಜೆಗೆ ಹೋಗುವವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಜೊತೆಗೆ ವಿಸಿಆರ್ ಇರುತ್ತಿತ್ತು. ನಮ್ಮ ಮಾವನೂ ತಂದಿದ್ದರು. ಚಾವಡಿಯಲ್ಲಿ ಇಟ್ಟು ಊರಿಗೆ ಊರೇ ಕೂತು ರಾತ್ರಿಯಿಡೀ ಮೂರು ಸಿನಿಮಾ ನೋಡಿದ್ದೇವೆ. ಆ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ, ಆದರೆ ಆ ರಾತ್ರಿ ನಮ್ಮ ಚಾವಡಿಯಲ್ಲಿ ಕೂತ ಎಂಬತ್ತು ಜನ ಆ ವಾರ ಟಾಕೀಸಿಗೆ ಹೋಗಲಿಲ್ಲ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಆಮೇಲೆ ರೀಲು ಹೋಗಿ ಡಿಜಿಟಲ್ ಬಂತು, ಹೊಸ ಮೆಷಿನ್ನಿಗೆ ದುಡ್ಡು ಹಾಕಲಾಗದವರು ಕೈಬಿಟ್ಟರು. ಟಾಕೀಸುಗಳೆಲ್ಲ ಪೇಟೆಯ ನಟ್ಟನಡುವಿನ ದೊಡ್ಡ ಜಾಗದಲ್ಲಿದ್ದವು, ಜಾಗದ ಬೆಲೆ ಏರಿದ ಹಾಗೆ ಟಿಕೆಟ್ ಮಾರಿ ಅದನ್ನು ಉಳಿಸಿಕೊಳ್ಳುವುದು ಕಷ್ಟ ಆಯಿತು. ಕೊನೆಗೆ 2020ರಲ್ಲಿ ಕೊರೋನಾ.

ನನಗೆ ಹೆಚ್ಚು ಬೇಸರ ಆಗುವುದು ತುಳು ಸಿನಿಮಾ ನೆನೆದಾಗ. ಮೊದಲ ತುಳು ಸಿನಿಮಾ "ಎನ್ನ ತಂಗಡಿ" ಬಂದದ್ದು 1971ರಲ್ಲಿ. ಕರಾವಳಿಯ ಎರಡು ಜಿಲ್ಲೆ, ಕಾಸರಗೋಡು, ಮುಂಬೈಯಲ್ಲಿ ಒಂದಷ್ಟು ಜನ, ಗಲ್ಫ್‌ನಲ್ಲಿ ನಾವು, ಇಷ್ಟೇ ಅದರ ಮಾರುಕಟ್ಟೆ. ಅಂಥ ಸಿನಿಮಾಕ್ಕೆ ಪೇಟೆಯ ನಡುವೆ ಒಂದು ದೊಡ್ಡ ಟಾಕೀಸು, ಕಡಿಮೆ ರೇಟಿನ ಟಿಕೆಟ್, ಹಳ್ಳಿಯಿಂದ ಬಂದ ಬಸ್ಸು ನೇರ ಬಾಗಿಲಿಗೇ ನಿಲ್ಲುವ ಜಾಗ ಬೇಕು. ಜ್ಯೋತಿ ಅಂಥ ಜಾಗ ಆಗಿತ್ತು. ಮಾಲ್‌ನಲ್ಲೂ ತುಳು ಸಿನಿಮಾ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಮಾಲ್‌ನ ಎಸ್ಕಲೇಟರ್ ನೋಡಿ ನನ್ನ ಅಮ್ಮ ವಾಪಸ್ ಬಂದಿದ್ದಾರೆ.

ಮುಂದಿನ ಮೂರು ಸಂಚಿಕೆಗಳಲ್ಲಿ ಎರಡು ಪುಟ ಟಾಕೀಸುಗಳಿಗೇ ಇಟ್ಟಿದ್ದೇವೆ. ಬರೆಯಿರಿ. ಕಾರ್ಕಳ, ಮೂಡುಬಿದಿರೆ, ಪುತ್ತೂರು, ಕುಂದಾಪುರದವರೂ ಬರೆಯಿರಿ. ದೊಡ್ಡ ಲೇಖನ ಬೇಡ. ಯಾವ ಟಾಕೀಸು, ಎದುರಿಗೆ ಯಾವ ಅಂಗಡಿ, ಟಿಕೆಟ್ ಎಷ್ಟು, ಗಾಂಧಿ ಕ್ಲಾಸೋ ಬಾಲ್ಕನಿಯೋ, ಇಂಟರ್ವಲ್ಲಿನಲ್ಲಿ ಚರುಮುರಿ ತಿಂದಿರೋ ಸೋಡಾ ಕುಡಿದಿರೋ, ಈಗ ಆ ಜಾಗದಲ್ಲಿ ಏನಿದೆ. ಇಷ್ಟು ಸಾಕು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ಹಳೆಯ ಟಿಕೆಟ್ಟಿನ ತುಂಡು, ಹಾಡಿನ ಪುಸ್ತಕ ಇದ್ದರೆ ಫೋಟೋ ಕಳಿಸಿ.

ನಾನು ಊರಿನಲ್ಲಿದ್ದಾಗ ಅಮ್ಮನ ಹತ್ತಿರ ಉಡುಪಿಯ ಟಾಕೀಸುಗಳ ನಕ್ಷೆ ಬರೆಸಿದೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ. ಕಲ್ಪನಾ, ಅಲಂಕಾರ್, ಗೀತಾಂಜಲಿ ಮೂರಕ್ಕೂ ಸಣ್ಣ ಚೌಕ ಹಾಕಿದರು. ಬಸ್‌ಸ್ಟ್ಯಾಂಡಿಗೆ ದೊಡ್ಡ ಚೌಕ. ಪ್ರತಿ ಟಾಕೀಸಿನಿಂದ ಬಸ್‌ಸ್ಟ್ಯಾಂಡಿಗೆ ಒಂದು ಗೆರೆ ಎಳೆದು, ಗೆರೆಯ ಮೇಲೆ ಎಷ್ಟು ನಿಮಿಷ ಅಂತ ಬರೆದರು. ಅದನ್ನು ಈ ಸಂಚಿಕೆಯ ಹಿಂಬದಿಯ ಪುಟದಲ್ಲಿ ಹಾಗೆಯೇ ಅಚ್ಚು ಹಾಕಿದ್ದೇವೆ. ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದರು, ಒಂದು ಕಡೆ ತಪ್ಪಾಗಿದೆ, ಅಲಂಕಾರಿನಿಂದ ಓಡಿದರೆ ಅಷ್ಟು ನಿಮಿಷ ಬೇಡ, ಅದು ನಡೆದರೆ ಅಂತ.