ಕಾಶಿಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ಕಾಶಿಗೆ ಎಷ್ಟು ಹೊತ್ತು ಅಂತ ತುಂಬಾ ಜನ ಕೇಳಿದ್ದೀರಿ. ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಆಕಾಶದಲ್ಲಿ ದೂರ ಹೆಚ್ಚುಕಡಿಮೆ 1,480 ಕಿ.ಮೀ., ರಸ್ತೆಯಲ್ಲಾದರೆ 1,700 ದಾಟುತ್ತದೆ.

ಆದರೆ ಆ ಎರಡೂವರೆ ಗಂಟೆ ನಂಬಿಕೊಂಡು ಮನೆ ಬಿಡಬೇಡಿ. ಮೆಜೆಸ್ಟಿಕ್‌ನಿಂದ ದೇವನಹಳ್ಳಿ ನಿಲ್ದಾಣಕ್ಕೇ ಸುಮಾರು 35 ಕಿ.ಮೀ., ನಡುವೆ ಹೆಬ್ಬಾಳದ ಟ್ರಾಫಿಕ್ ಬೇರೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಆ ಕಡೆ ಬಾಬತ್‌ಪುರದಲ್ಲಿ ಇಳಿದ ಮೇಲೂ ಊರಿಗೆ ಸುಮಾರು 25 ಕಿ.ಮೀ. ಇದೆ. ಘಾಟ್ ಹತ್ತಿರದ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ, ನಡೆಯಲೇಬೇಕು. ಮನೆಯಿಂದ ರೂಮಿಗೆ ಏಳೆಂಟು ಗಂಟೆ ಅಂತಲೇ ಲೆಕ್ಕ ಹಾಕಿ.

ಮಂಡಿನೋವಿನ ಹಿರಿಯರಿದ್ದರೆ ದಯವಿಟ್ಟು ಈಗಲೇ ಹೇಳಿ. ವೀಲ್‌ಚೇರ್ ಮೊದಲೇ ಕೇಳಿಟ್ಟರೆ ಒಳ್ಳೆಯದು, ಸಂಕೋಚ ಬೇಡ.

ಪೂಜೆಗೆ ಅಂತ ಒಣಕೊಬ್ಬರಿ ಕಟ್ಟಿಕೊಳ್ಳಬೇಡಿ. ಅದರ ಎಣ್ಣೆಗೆ ಬೇಗ ಬೆಂಕಿ ಹಿಡಿಯುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಇಳಿಯುವಾಗ ಕಿವಿ ಗುಂಯ್ ಅಂತ ಕಟ್ಟಿಕೊಳ್ಳುತ್ತದೆ. ಹೋದ ಸಲ ನಮ್ಮಮ್ಮ ಗಾಬರಿಯಾಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಒಂದು ಪೆಪ್ಪರಮಿಂಟ್ ಬಾಯಿಗೆ ಹಾಕಿಕೊಂಡ ಮೇಲೆ ಸರಿಹೋಯಿತು. ಎಲ್ಲರೂ ಜೇಬಿನಲ್ಲಿ ನಾಲ್ಕು ಪೆಪ್ಪರಮಿಂಟ್ ಇಟ್ಟುಕೊಳ್ಳಿ.